ಎರಡೂ ಎಡ

ಹನ್ನೊಂದನೇ ನಿಮಿಷದಲ್ಲಿ ಟಿವಿ ವಾಹಿನಿಯ ಅಧಿಕಾರಿಯ ಗಂಟಲಿನಿಂದ ಒಂದು ಸದ್ದು ಬಂತು. ಪರದೆ ಎಳೆದು ಕತ್ತಲು ಮಾಡಿದ್ದ ಆ ಪುಟ್ಟ ಕೋಣೆಯಲ್ಲಿ, ಅವರ ಹಿಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರೂ ಒಟ್ಟಿಗೇ ಕತ್ತು ಚಾಚಿದರು. ಅದು ನಗುವೇ ಆಗಿದ್ದರೆ ಮೂರು ಕಂತುಗಳಲ್ಲಿ ಅವರು ನಕ್ಕ ಮೊದಲ ನಗು. ಅಧಿಕಾರಿ ಪಕ್ಕದ ಲೋಟ ಎತ್ತಿ ಎರಡು ಗುಟುಕು ನೀರು ಕುಡಿದು ಎದೆ ನೀವಿಕೊಂಡರು. ಕೆಮ್ಮು.

"ನಗು ತಡ್ಕೊಳ್ಳೋಕೆ ಹೋಗಿ ಕೆಮ್ಮು ಬಂದಿರಬಹುದು ಅಕ್ಕ," ಎಂದು ನಿರ್ದೇಶಕ ಪಿಸುಗುಟ್ಟಿದ.

"ಸುಮ್ನಿರಪ್ಪ," ಎಂದಳು ವಟವಟ.

ಟಿವಿಯೊಳಗಿನವರು ಮಾತ್ರ ಧಾರಾಳವಾಗಿ ನಗುತ್ತಿದ್ದರು. ಪ್ರತಿ ಮಾತು ಮುಗಿಯುವುದನ್ನೇ ಕಾಯುತ್ತಿದ್ದವರಂತೆ ಕಣ್ಣಿಗೆ ಕಾಣದ ಐವತ್ತು ಜನ ಹೋ ಎಂದು ನಗುತ್ತಿದ್ದರು. ಅವರು ಯಾರೋ, ಯಾವ ಕಾಲದಲ್ಲಿ ಯಾವುದಕ್ಕೆ ನಕ್ಕವರೋ. ಎಲ್ಲೋ ಸಿಕ್ಕಿದ ಆ ನಗುವನ್ನು ತಂದು ಇಲ್ಲಿ ಅಂಟಿಸಿದ್ದು ನಿರ್ದೇಶಕ. ಹಾಸ್ಯ ಧಾರಾವಾಹಿ ಅಂದಮೇಲೆ ಅದು ಇರಲೇಬೇಕು ಎಂದು ಅವನು ಹೇಳಿದಾಗ ವಟವಟ ಒಪ್ಪಿಕೊಂಡಿದ್ದಳು. ಅವನು ಓದಿದವನು, ತಾನು ಹೊಲಿಗೆಯವಳು ಎಂಬ ಅಳುಕು ಅವಳಿಗೆ ಇನ್ನೂ ಹೋಗಿರಲಿಲ್ಲ.

ಅವಳಿಗೆ ಬೇರೆ ಹೆಸರಿಲ್ಲವೆಂದಲ್ಲ. ಇಪ್ಪತ್ತು ವರ್ಷ ಶಾಲಾ ಸಮವಸ್ತ್ರ ಹೊಲಿಯುವ ಒಂದು ಶೆಡ್ಡಿನಲ್ಲಿ ಅಂಗಿಗೆ ತೋಳು ಜೋಡಿಸುತ್ತಾ, ಜೋಡಿಸುತ್ತಲೇ ಎಡೆಬಿಡದೆ ಮಾತಾಡುತ್ತಾ ಇದ್ದವಳಿಗೆ ಜೊತೆಯವರು ಇಟ್ಟ ಹೆಸರು ಅದು. ಅದೇ ಗಟ್ಟಿಯಾಗಿ ಉಳಿಯಿತು. ಬಸ್ ಚಾಲಕರ ಸಂಘದ ವಾರ್ಷಿಕೋತ್ಸವಕ್ಕೆ ಅವಳು ಗಂಡನ ಒತ್ತಾಯಕ್ಕೆ ಬರೆದುಕೊಟ್ಟ ಕಿರುನಾಟಕ ನೋಡಿ ನಿರ್ದೇಶಕ ಮನೆ ಹುಡುಕಿಕೊಂಡು ಬಂದಿದ್ದ. ಶೆಡ್ಡು ಬಿಟ್ಟು ಎರಡು ವರ್ಷ ಕೂತು ಬರೆದಿದ್ದರ ಫಲ ಈ ಧಾರಾವಾಹಿ. ಹೆಸರು 'ಒಂದಿಂಚು ಜಾಸ್ತಿ'. ಕೊಟ್ಟ ಬಟ್ಟೆಯನ್ನು ಹೇಳಿದ ದಿನಕ್ಕೆ ಎಂದೂ ಕೊಡದ ಒಬ್ಬ ದರ್ಜಿಯ ಕಥೆ. ಆರು ಕಂತು ಚಿತ್ರೀಕರಣವಾಗಿತ್ತು. ಇನ್ನೂ ಒಂದೂ ಪ್ರಸಾರವಾಗಿರಲಿಲ್ಲ. ಈ ಹೆಂಗಸು ಒಪ್ಪಿದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಆರೂ ಬೀರು ಸೇರುತ್ತವೆ.

ದೀಪ ಹೊತ್ತಿತು. ಅಧಿಕಾರಿ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿಕೊಂಡರು. ಮಾತಿನಲ್ಲಿ ಕಟುತನವಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು.

"ಕೆಟ್ಟದಾಗೇನೂ ಇಲ್ಲ. ಕೆಟ್ಟದಾಗಿದ್ದಿದ್ರೆ ನನ್ನ ಕೆಲಸ ಸುಲಭ ಆಗ್ತಿತ್ತು. ನೋಡೀಮ್ಮಾ, ಒಂದು ದಿನ ಜನರನ್ನ ನಗಿಸಬಹುದು. ನಾಳೆ ಅದೇ ಹೊತ್ತಿಗೆ ಒಲೆ ಆರಿಸಿ ಬಂದು ಕೂರ್ತಾರಾ? ಆರು ತಿಂಗಳು ಕೂರ್ತಾರಾ? ಬಾಳಿಕೆ ಬರುತ್ತಾ ಅನ್ನೋದು ನನ್ನ ಪ್ರಶ್ನೆ."

ಬಾಳಿಕೆ ಎಂಬ ಮಾತನ್ನು ವಟವಟ ಜೀವನವಿಡೀ ಬಟ್ಟೆಯ ಬಗ್ಗೆ ಕೇಳಿದ್ದಳು. ಬಟ್ಟೆಗಾದರೆ ಉತ್ತರ ಹೇಳಬಲ್ಲಳು, ಬೆರಳ ಮಧ್ಯೆ ಹಿಡಿದು ಉಜ್ಜಿದರೆ ಸಾಕು. "ಏನು ಕಡಿಮೆಯಾಯ್ತು ಮೇಡಂ?" ಎಂದಳು.

"ಅದೇ ಗೊತ್ತಾಗ್ತಿಲ್ಲ. ಗೊತ್ತಾಗಿದ್ರೆ ಹೇಳ್ತಿದ್ದೆ." ಅವರು ಎದ್ದು ಪರದೆ ಸರಿಸಿದರು. "ಶುಕ್ರವಾರ ಬನ್ನಿ. ಅಷ್ಟರೊಳಗೆ ನಿಮಗೆ ಗೊತ್ತಾದ್ರೆ ಸರಿಮಾಡ್ಕೊಂಡು ಬನ್ನಿ. ಅವತ್ತು ನಾನು ಹೂಂ ಅಥವಾ ಊಹೂಂ ಹೇಳಲೇಬೇಕು."

ಮನೆಗೆ ಹೋಗುವಾಗ ಅವಳು ಗಂಡ ಓಡಿಸುವ ಬಸ್ಸಿಗೇ ಕಾದು ಹತ್ತಿ, ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು. ವಾಹನ ಚಲಿಸುವಾಗ ಚಾಲಕನೊಡನೆ ಮಾತಾಡಕೂಡದು ಎಂಬ ಫಲಕ ಅವನ ತಲೆಯ ಮೇಲೇ ಇದ್ದುದರಿಂದ ಇಂಥ ದಿನಗಳಲ್ಲಿ ಗಂಡ ಹೆಂಡಿರ ಮಾತುಕತೆಯೆಲ್ಲ ಕೆಂಪು ದೀಪಗಳಲ್ಲೇ ನಡೆಯುತ್ತಿತ್ತು.

ಮೊದಲ ಕೆಂಪು ದೀಪದಲ್ಲಿ ಅವನು, "ನಕ್ರಾ?" ಎಂದ.

"ಕೆಮ್ಮಿದ್ರು."

ಅವನು ಸ್ಟಿಯರಿಂಗಿನ ಮೇಲೆ ಬಗ್ಗಿ ನಗತೊಡಗಿದ. ಹಿಂದಿನ ಗಾಡಿಗಳು ಹಾರ್ನು ಹೊಡೆದ ಮೇಲೆಯೇ ಅವನಿಗೆ ಹಸಿರು ಕಂಡದ್ದು. ಇವನನ್ನು ಕೇಳಿ ಉಪಯೋಗವಿರಲಿಲ್ಲ. ಹವಾಮಾನ ವರದಿಗೂ ನಗುವ ಮನುಷ್ಯ. ಒಳ್ಳೆಯ ಗಂಡ, ಕೆಟ್ಟ ತೀರ್ಪುಗಾರ.

ಎರಡನೆಯ ಕೆಂಪು ದೀಪದಲ್ಲಿ ಅವಳು ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟಳು. "ನಾನು ನಿಜವಾಗ್ಲೂ ನಗಿಸ್ತಿದ್ನೇನ್ರಿ? ಅಥವಾ ಶೆಡ್ಡಲ್ಲಿ ಅವರೆಲ್ಲ ಪಾಪ ಅಂತ ನಗ್ತಿದ್ರಾ?"

ಮೂರನೆಯ ದೀಪ ದೂರವಿತ್ತು. ಅಲ್ಲಿ ನಿಂತಾಗ ಕನ್ನಡಿಯಲ್ಲಿ ಅವಳ ಮುಖ ನೋಡಿ, "ಅದನ್ನ ಶೆಡ್ಡಲ್ಲೇ ಹೋಗಿ ಕೇಳು," ಎಂದ. "ಎರಡು ವರ್ಷ ಆಯ್ತು, ಆ ಕಡೆ ತಲೆ ಹಾಕಿಲ್ಲ ನೀನು."

ತಲೆ ಹಾಕದಿರಲು ಅವಳಿಗೆ ಕಾರಣವಿತ್ತು. ಶೆಡ್ಡನ್ನು ನಡೆಸುತ್ತಿದ್ದುದು ಕಟಿಂಗ್ ಮಾಸ್ಟರ್. ಇಪ್ಪತ್ತು ವರ್ಷದಲ್ಲಿ ಅವರ ಹಲ್ಲು ಎಷ್ಟಿವೆ ಎಂದು ಶೆಡ್ಡಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ಅಷ್ಟು ನಗದ ಮನುಷ್ಯ. ಕೆಲಸ ಬಿಡುತ್ತೇನೆ, ಟಿವಿಗೆ ಬರೆಯಲು ಹೋಗುತ್ತೇನೆ ಎಂದು ಅವಳು ಹೇಳಿದ ದಿನ ಅವರು ಬಟ್ಟೆಯ ಮೇಲಿಂದ ಕತ್ತರಿ ಎತ್ತದೆ, "ಮಿಷನ್ನಿಗೆ ಎಣ್ಣೆ ಬಿಟ್ಟು ಹೋಗು," ಎಂದಿದ್ದರು. ಅಷ್ಟೇ. ಒಂದು ಒಳ್ಳೆಯ ಮಾತಿಲ್ಲ. ಅವಳು ಎಣ್ಣೆ ಬಿಟ್ಟು, ಕಣ್ಣಲ್ಲಿ ನೀರು ಬಿಟ್ಟು ಬಂದಿದ್ದಳು.

ಅಂಗಿಯ ತೋಳಿಗೆ ಹಿಂದು ಮುಂದು ಇದೆ. ಮುಂಭಾಗದಲ್ಲಿ, ಕಂಕುಳ ಹತ್ತಿರ, ಬಟ್ಟೆಯನ್ನು ಸ್ವಲ್ಪ ಹೆಚ್ಚು ಒಳಕ್ಕೆ ಕತ್ತರಿಸಿರುತ್ತಾರೆ. ಆ ಬಾಗು ನೋಡಿಯೇ ಎಡ ಯಾವುದು ಬಲ ಯಾವುದು ಎಂದು ತಿಳಿಯಬೇಕು. ಶಾಲೆಯ ಬಿಳಿ ಬಟ್ಟೆಗಾದರೋ ಒಳಮೈ ಹೊರಮೈ ಎರಡೂ ಒಂದೇ. ಅರೆಗಳಿಗೆ ಗಮನ ತಪ್ಪಿದರೆ ಬಲದ ತುಂಡು ಮಗುಚಿಕೊಂಡು ಎಡದ್ದಾಗಿ ಕೂತುಬಿಡುತ್ತದೆ. ಅಂಗಿಗೆ ಎರಡೂ ಎಡತೋಳು. ಹಾಕಿಕೊಂಡರೆ ಒಂದು ಕೈ ಮುಂದೆ ಬರುತ್ತದೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಆ ಶೆಡ್ಡಿನಲ್ಲಿ ಈ ತಪ್ಪು ಆಗುತ್ತಿದ್ದುದು ಒಂದೇ ಕಾರಣಕ್ಕೆ. ವಟವಟ ಏನಾದರೂ ಹೇಳುವುದು, ತೋಳಿನ ಸಾಲಿನ ಹೆಂಗಸರು ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿಕೊಂಡು ಬಟ್ಟೆ ಕಾಣದೆ ಹೊಲಿಯುವುದು.

ಹೀಗಾಗಿ ಅದು ಶೆಡ್ಡಿನ ಒಂದು ಮಾತೇ ಆಗಿಹೋಗಿತ್ತು. ಯಾರಾದರೂ ಮದುವೆಗೆ ಹೋಗಿ ಬಂದರೆ, "ಹೇಗಿತ್ತೇ?" ಎಂದರೆ, "ಗಂಡಿನ ಚಿಕ್ಕಪ್ಪ ಭಾಷಣ ಮಾಡಿದ ಕಣೇ, ಎರಡೂ ಎಡ!" ಅದಕ್ಕಿಂತ ಮೇಲಿನ ಹೊಗಳಿಕೆ ಅಲ್ಲಿರಲಿಲ್ಲ. ಮಾಸ್ಟರ್ ಇದಕ್ಕೆ ಬೈಯುತ್ತಿರಲಿಲ್ಲ, ಆದರೆ ಒಂದು ಕಾಯಿದೆ ಮಾಡಿದ್ದರು. ತಪ್ಪಾದ ತೋಳನ್ನು ಹೊಲಿದವರು ಬಿಚ್ಚುವಂತಿಲ್ಲ, ನಗಿಸಿದವರೇ ಬಿಚ್ಚಬೇಕು. ದಿನದ ಕೊನೆಗೆ ಅಂಥ ಅಂಗಿಗಳನ್ನೆಲ್ಲ ಅವಳ ಮಡಿಲಿಗೆ ಹಾಕಿ ತಾವು ಬಟ್ಟೆಗೆ ಗೆರೆ ಎಳೆಯಲು ಹೋಗುತ್ತಿದ್ದರು. ಅವಳು ಅದನ್ನು ಶಿಕ್ಷೆ ಎಂದೇ ತಿಳಿದಿದ್ದಳು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ನಿರ್ದೇಶಕನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಳು. ಹನ್ನೆರಡು ಮಿಷನ್ನು, ಎರಡು ಸಾಲು. ತಗಡಿನ ಸೂರಿಗೆ ನೇತುಬಿದ್ದ ಫ್ಯಾನುಗಳು. ಇಸ್ತ್ರಿಯ ಹಬೆಯ ವಾಸನೆ. ಅವಳು ಕೂರುತ್ತಿದ್ದ ಕಿಟಕಿ ಪಕ್ಕದ ಮಿಷನ್ನಿನಲ್ಲಿ ಈಗ ಹೊಸ ಹುಡುಗಿ. ಒಳಗೆ ಕಾಲಿಟ್ಟಳೋ ಇಲ್ಲವೋ, ಗುಂಡಿ ಅಕ್ಕ ಕಿರುಚಿಕೊಂಡಳು. ಗುಂಡಿ ಹಾಕುವ ಕೆಲಸದ ಅವಳು ಇವಳಿಗಿಂತ ಐದು ವರ್ಷಕ್ಕೆ ದೊಡ್ಡವಳು, ಊಟದ ಡಬ್ಬಿ ಹಂಚಿಕೊಂಡ ಗೆಳತಿ.

"ಬಂದ್ಲಪ್ಪಾ ಮಹಾರಾಣಿ! ನಾವೆಲ್ಲ ಸತ್ತಿದ್ದೀವಾ ಬದುಕಿದ್ದೀವಾ ನೋಡೋಕೆ ಬಂದ್ಯೇನೇ?"

ಮಾಸ್ಟರ್ ಕಟಿಂಗ್ ಮೇಜಿನ ಆಚೆಯಿಂದ ನೋಡಿದರು. ಕಿವಿಯ ಮೇಲೆ ಸೀಮೆಸುಣ್ಣ, ಕೊರಳಲ್ಲಿ ಟೇಪು. "ಬಂದ್ಯಾ," ಎಂದರು. ಆಮೇಲೆ, "ಭುಜದ ಹತ್ತಿರ ಹೊಲಿಗೆ ಬಿಟ್ಟಿದೆ," ಎಂದರು. ಅವಳು ಕುಪ್ಪಸದ ಭುಜ ಮುಚ್ಚಿಕೊಂಡಳು.

ಬಂದ ಕಾರಣ ಹೇಳಿದಳು. ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಶೆಡ್ಡಿನ ದೊಡ್ಡ ಸ್ಪೀಕರಿಗೆ ಜೋಡಿಸಿ, ಮೂರನೆಯ ಕಂತು ಹಾಕಿದಳು. "ಕೆಲಸ ನಿಲ್ಲಿಸಬೇಡಿ, ಹಿಂದಿನ ಹಾಗೇ ಹೊಲೀತಾ ಕೇಳಿ," ಎಂದಳು. ಶಾಲೆ ಶುರುವಾಗುವ ಮುಂಚಿನ ತಿಂಗಳು, ಹೇಗೂ ಕೆಲಸ ನಿಲ್ಲಿಸುವಂತಿರಲಿಲ್ಲ.

ಮೊದಲ ಮಾತಿಗೇ ಗುಂಡಿ ಅಕ್ಕ ನಕ್ಕಳು. ಎರಡನೆಯದಕ್ಕೆ ಸಾಲಿಗೆ ಸಾಲೇ ನಕ್ಕಿತು. ದರ್ಜಿ ಬಾಗಿಲು ತೆಗೆದರೂ ನಗು, ಮುಚ್ಚಿದರೂ ನಗು. ಇನ್ನೂ ಮಾತು ಬಾಯಿಂದ ಹೊರಡದಿದ್ದರೂ ಒಬ್ಬಳು ನಕ್ಕೇಬಿಟ್ಟಳು. ವಟವಟ ಗೋಡೆಗೆ ಒರಗಿ ನಿಂತು ಅವರ ಮುಖ ನೋಡಲಿಲ್ಲ. ಕಣ್ಣು ಮುಚ್ಚಿ ಮಿಷನ್ನುಗಳನ್ನು ಕೇಳಿಸಿಕೊಂಡಳು. ಹನ್ನೆರಡೂ ಓಡುತ್ತಿದ್ದವು. ಒಂದೂ ತಡವರಿಸಲಿಲ್ಲ, ಒಂದೂ ನಿಲ್ಲಲಿಲ್ಲ. ಬಾಯಿ ನಗುತ್ತಿತ್ತು, ಕಾಲು ನಗುತ್ತಿರಲಿಲ್ಲ.

ಇವರು ಒಳ್ಳೆಯವರು, ಪ್ರೀತಿಗೆ ನಗುತ್ತಿದ್ದಾರೆ. ಇಪ್ಪತ್ತು ವರ್ಷವೂ ಹೀಗೆಯೇ ನಕ್ಕಿದ್ದರೇ? ಇಲ್ಲ, ಆಗ ತೋಳುಗಳು ತಪ್ಪುತ್ತಿದ್ದವು, ಅದು ಸುಳ್ಳಲ್ಲ. ಹಾಗಾದರೆ ಈ ಎರಡು ವರ್ಷದಲ್ಲಿ ತನ್ನ ಕೈಯಿಂದ ಏನು ಬಿದ್ದುಹೋಯಿತು?

ಕಂತು ಮುಗಿಯಿತು. "ಎಷ್ಟು ಚೆನ್ನಾಗಿದೆಯೇ!" ಎಂದಳು ಗುಂಡಿ ಅಕ್ಕ.

"ಮಿಷನ್ನು ನಿಲ್ಲಲಿಲ್ಲ ಅಕ್ಕಾ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಂಡಿ ಅಕ್ಕ ದಾರ ಕಚ್ಚಿ ಕಿತ್ತು, ನಿಧಾನವಾಗಿ ಹೇಳಿದಳು. "ನಿಜ ಹೇಳ್ಲಾ? ಬೇಜಾರು ಮಾಡ್ಕೋಬೇಡ. ಆ ಪೆಟ್ಟಿಗೆ ಒಳಗಿರೋರು ನಮಗಿಂತ ಮುಂಚೆ ನಕ್ಕುಬಿಡ್ತಾರೆ ಕಣೇ. ಅವರು ನಕ್ಕಾಯ್ತಲ್ಲ, ಇನ್ನು ನಾವ್ಯಾಕೆ ಅನ್ಸುತ್ತೆ. ಕರೀದೇ ಇರೋ ಮನೆಗೆ ಊಟಕ್ಕೆ ಹೋದ ಹಾಗೆ."

"ಬಿಗಿಯಾಗಿದೆ," ಎಂಬ ಮಾತು ಕಟಿಂಗ್ ಮೇಜಿನ ಕಡೆಯಿಂದ ಬಂತು.

ಎಲ್ಲರೂ ತಿರುಗಿದರು. ಮಾಸ್ಟರ್ ಬಟ್ಟೆಯ ಮೇಲೆ ಅಂಗೈ ಸವರುತ್ತಿದ್ದರು. "ಬಟ್ಟೆ ಒಳ್ಳೇದು. ಅಳತೇನೂ ಸರಿಯಿದೆ. ಆದ್ರೆ ಹೊಲಿಗೆ ಒಳಗೆ ಬಟ್ಟೆ ಬಿಟ್ಟಿಲ್ಲ. ಹಾಕ್ಕೊಂಡೋರು ಕೈ ಎತ್ತೋಕಾಗಲ್ಲ." ಸೀಮೆಸುಣ್ಣ ಕೈಗೆತ್ತಿಕೊಂಡು ಸೇರಿಸಿದರು. "ಇಲ್ಲಿ ಹೇಳುವಾಗ ನೀನು ಬಿಡ್ತಿದ್ದೆ."

ಅವರ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಬಂದದ್ದನ್ನು ಶೆಡ್ಡಿನಲ್ಲಿ ಯಾರೂ ಕೇಳಿರಲಿಲ್ಲ. ಆದರೆ ವಟವಟ ಬೆರಗಾದದ್ದು ಅದಕ್ಕಲ್ಲ. ಹಾಗಾದರೆ ಈ ಮನುಷ್ಯ ಆಗೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಹೊಸ ಹುಡುಗಿಯ ಭುಜ ತಟ್ಟಿ, "ಸ್ವಲ್ಪ ಏಳಮ್ಮ," ಎಂದು ತನ್ನ ಹಳೆಯ ಜಾಗದಲ್ಲಿ ಕೂತಳು. ಒಂದು ತೋಳು ತೆಗೆದುಕೊಂಡು ಸೂಜಿಯ ಕೆಳಗಿಟ್ಟಳು. ಉಳಿದವರೂ ಹೊಲಿಯತೊಡಗಿದರು. ಮಿಷನ್ನುಗಳ ಸದ್ದಿನ ಮೇಲೆ ದನಿಯೆತ್ತಿ, ಅದೇ ಕಂತಿನ ಅದೇ ಪ್ರಸಂಗವನ್ನು ಹೇಳಲು ಶುರುಮಾಡಿದಳು.

"ಒಬ್ಬರು ಪ್ಯಾಂಟು ಹೊಲಿಯೋಕೆ ಕೊಟ್ಟಿದ್ರು. ನಮ್ಮ ದರ್ಜಿ ಆ ಬಟ್ಟೆ ಎಲ್ಲಿಟ್ಟ ಅನ್ನೋದೇ ಮರೆತುಬಿಟ್ಟಿದ್ದಾನೆ. ಅವರು ಬಂದಾಗೆಲ್ಲ ಏನ್ಮಾಡೋದು? ಟೇಪು ತಗೊಂಡು ಸೊಂಟಕ್ಕೆ ಸುತ್ತಿ, 'ಅಯ್ಯೋ ಸಾರ್! ಒಂದಿಂಚು ಇಳಿದಿದ್ದೀರಲ್ಲ! ಈಗ ಕೊಟ್ರೆ ಉದುರಿಹೋಗುತ್ತೆ. ಮುಂದಿನ ವಾರ ಬನ್ನಿ' ಅನ್ನೋದು. ಅವರು ಖುಷಿಯಾಗಿ ಮನೆಗೆ ಹೋಗಿ ಒಂದು ತುತ್ತು ಜಾಸ್ತೀನೇ ತಿನ್ನೋರು. ಮುಂದಿನ ವಾರ ಮತ್ತೆ ಒಂದಿಂಚು ಇಳಿದಿದ್ದೀರಿ. ಹೀಗೇ ಆರು ವಾರ. ಏಳನೇ ವಾರ ಅವರು ಬರಲಿಲ್ಲ. ಹೆಂಡತಿ ಬಂದ್ರು."

ತೋಳಿನ ಸಾಲಿನಲ್ಲಿ ಒಂದು ಮಿಷನ್ನು ನಿಧಾನವಾಯಿತು.

"ಹೆಂಡತಿ ಬಾಗಿಲಿಗೆ ಅಡ್ಡ ನಿಂತ್ಕೊಂಡ್ರು. 'ಏನಪ್ಪಾ, ನಿನ್ನ ಪ್ರಕಾರ ನಮ್ಮೆಜಮಾನ್ರು ಆರಿಂಚು ಇಳಿದಿದ್ದಾರಂತೆ. ಮನೇಲಿ ನಾನು ದಿನಾ ನೋಡ್ತೀನಿ, ಎಲ್ಲಾ ಇದ್ದ ಹಾಗೇ ಇದೆ. ಆ ಆರಿಂಚು ಎಲ್ಲಿ, ತೋರಿಸು!'"

ಇಲ್ಲಿ ವಟವಟ ಬಾಯಿ ಮುಚ್ಚಿದಳು. ಸೂಜಿಯ ಕೆಳಗಿದ್ದ ತೋಳನ್ನು ತಿರುಗಿಸಿದಳು. ಬಾಗು ನೋಡಿದಳು. ದಾರದ ತುದಿ ಕತ್ತರಿಸಿದಳು. ಕೊರಳಲ್ಲಿ ಇಲ್ಲದ ಟೇಪನ್ನು ಎರಡೂ ಕೈಯಲ್ಲಿ ಸರಿಮಾಡಿಕೊಂಡಳು. ಒಂದು ಮಿಷನ್ನು ನಿಂತಿತು, ಇನ್ನೊಂದು. ಯಾರೋ ಉಸಿರು ಬಿಗಿಹಿಡಿದದ್ದು ಕೇಳಿಸಿತು.

"ಗಾಬರಿ ಯಾಕೆ ತಾಯಿ," ಎಂದಳು ಮೆಲ್ಲಗೆ. "ಒಳಗೆ ಬಿಟ್ಟಿದ್ದೀನಿ. ಬೇಕಾದಾಗ ಬಿಚ್ಚಿಕೊಳ್ಳಿ."

ಹನ್ನೆರಡೂ ನಿಂತವು. ಗುಂಡಿ ಅಕ್ಕ ಗುಂಡಿಗಳ ಡಬ್ಬಿಯ ಮೇಲೆ ಮುಖವಿಟ್ಟಳು, ಡಬ್ಬಿ ಮಗುಚಿ ಗುಂಡಿಗಳು ನೆಲದ ತುಂಬ ಉರುಳಿದವು. ಹೊಸ ಹುಡುಗಿ ನಿಂತಲ್ಲೇ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡಳು. ಅವಳಿಗೆ ವಟವಟ ಯಾರೆಂದೇ ಗೊತ್ತಿರಲಿಲ್ಲ, ಪ್ರೀತಿಗೆ ನಗಬೇಕಾದ ಹಂಗೇ ಅವಳಿಗಿರಲಿಲ್ಲ. ಮಾಸ್ಟರ್ ಮಾತ್ರ ಬೆನ್ನು ತಿರುಗಿಸಿ ರ್‍ಯಾಕಿನಲ್ಲಿ ಏನನ್ನೋ ಹುಡುಕುತ್ತಿದ್ದರು, ಬಹಳ ಹೊತ್ತು ಹುಡುಕಿದರು.

ಮಧ್ಯಾಹ್ನದ ಹೊತ್ತಿಗೆ ಅವಳು ನಿರ್ದೇಶಕನ ಸಂಕಲನದ ಕೋಣೆಯಲ್ಲಿದ್ದಳು.

"ನಗು ತೆಗೀಬೇಕಾ? ಪೂರ್ತಿ?" ಅವನು ಕುರ್ಚಿಯಿಂದ ಅರ್ಧ ಎದ್ದ. "ಅಕ್ಕಾ, ಎಲ್ಲಿ ನಗಬೇಕು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗದಿದ್ರೆ ನಗೋದು ಬೇಡ ಬಿಡು. ಇನ್ನೊಂದು, ದರ್ಜಿ ಪಾರ್ಟು ಮಾಡಿದೋರು ಹೆಂಡತಿಗೆ ಉತ್ತರ ಕೊಡೋ ಮುಂಚೆ ಏನೋ ಮಾಡಿದ್ರಲ್ಲ, ಚಿತ್ರೀಕರಣದಲ್ಲಿ?"

"ಟೇಪು ಮಡಚಿದ್ರು. ಸುಮ್ನೆ ನಿಂತಿದ್ರು. ಏಳು ಸೆಕೆಂಡು ಏನೂ ನಡೀತಿರಲಿಲ್ಲ, ಅದಕ್ಕೆ ಕತ್ತರಿಸಿದೆ."

"ಅದನ್ನ ವಾಪಸ್ ಹಾಕು. ಎಲ್ಲೆಲ್ಲಿ ಏನೂ ನಡೀತಿಲ್ಲ ಅಂತ ಕತ್ತರಿಸಿದ್ಯೋ ಅಲ್ಲೆಲ್ಲ ವಾಪಸ್ ಹಾಕು. ತಪ್ಪು ನಿಂದಲ್ಲ ಕಣಪ್ಪಾ. ನನಗೆ ಗೊತ್ತಿತ್ತು, ನಾನೇ ಬಾಯಿ ಬಿಡಲಿಲ್ಲ."

ಬಾಯಿ ಬಿಡದ ವಟವಟ ಎಂದು ಅವಳಿಗೇ ನಗು ಬಂತು. ಬುಧವಾರದ ಮಧ್ಯಾಹ್ನ, ಗುರುವಾರದ ಇಡೀ ಹಗಲು ಇಬ್ಬರೂ ಕೂತು ಹೊಲಿಗೆ ಬಿಚ್ಚಿದರು. ಎಲ್ಲಿ ಎಷ್ಟು ಬಿಡಬೇಕೆಂದು ಅವಳು ಒಂದು ಸಲವೂ ತಡವರಿಸಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ನಿರ್ದೇಶಕ ಕೇಳಿದಾಗ ಉತ್ತರ ಹೇಳಲು ಹೊರಟವಳು ನಡುವೆಯೇ ನಿಂತಳು. ಇಪ್ಪತ್ತು ವರ್ಷ ಸಂಜೆ ಸಂಜೆ ಕೂತು ಆ ತೋಳುಗಳನ್ನು ಬಿಚ್ಚಿದಾಗ ಅವಳು ಯೋಚಿಸುತ್ತಿದ್ದುದು ಅದನ್ನೇ ಅಲ್ಲವೇ? ಈ ತೋಳು ಯಾವ ಮಾತಿಗೆ ತಪ್ಪಿತು, ಆ ಮಾತನ್ನು ಹೇಗೆ ಹೇಳಿದೆ, ಎಲ್ಲಿ ತಡೆದೆ. ಶಿಕ್ಷೆ ಎಂದುಕೊಂಡಿದ್ದು ಪಾಠವಾಗಿತ್ತು. ಪಾಠ ಎಂದು ಹೇಳದೆ ಕಲಿಸಿದ ಆ ಮನುಷ್ಯನನ್ನು ಎರಡು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದಳು.

ಶುಕ್ರವಾರ ಅಧಿಕಾರಿಯ ಮುಂದೆ ಒಂದು ಲೋಟ ಚಹಾ, ಒಂದು ಕಡತ, ಕೈಯಲ್ಲಿ ಪೆನ್ನು. "ಅದೇ ಕಂತು ಮತ್ತೆ ತಂದಿದ್ದೀರಾ?" ಎಂದು ಹುಬ್ಬೇರಿಸಿದರು. ಅರ್ಧ ಕಣ್ಣು ಕಡತದ ಮೇಲಿಟ್ಟುಕೊಂಡೇ ನೋಡತೊಡಗಿದರು.

ಟಿವಿಯೊಳಗಿನ ನಗುವವರು ಹೊರಟುಹೋದ ಮೇಲೆ ಆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನಿರ್ದೇಶಕ ಕಾಲಿನ ಮೇಲೆ ಕಾಲು ಹಾಕಿದ್ದೂ ಕೇಳಿಸಿತು. ಐದು ನಿಮಿಷ. ಹತ್ತು ನಿಮಿಷ. ಅಧಿಕಾರಿಯಿಂದ ಕೆಮ್ಮೂ ಇಲ್ಲ. ವಟವಟ ಅವರ ಕೈಯನ್ನಷ್ಟೇ ನೋಡುತ್ತಿದ್ದಳು, ಏಕೆಂದರೆ ಅವರಿಗೆ ಮಿಷನ್ನಿರಲಿಲ್ಲ. ಪೆನ್ನು ಕಡತದ ಮೇಲೆ ಓಡುತ್ತಿತ್ತು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಪೆನ್ನು ನಿಂತಿತು. ದರ್ಜಿ ಟೇಪನ್ನು ಮಡಚಿದ, ಮಡಚಿದ್ದನ್ನು ಮತ್ತೆ ಮಡಚಿದ. ಒಳಗೆ ಬಿಟ್ಟಿದ್ದೀನಿ ಎಂದ. ಅಧಿಕಾರಿ ಟಿವಿಯಿಂದ ಕಣ್ಣು ತೆಗೆಯದೆ ಚಹಾದ ಲೋಟ ಹತ್ತಿರಕ್ಕೆ ಎಳೆದುಕೊಂಡು, ಪೆನ್ನನ್ನು ಅದರೊಳಗೆ ಅದ್ದಿ, ಸಕ್ಕರೆ ಕರಗಿಸುವವರಂತೆ ಎರಡು ಸುತ್ತು ತಿರುಗಿಸಿದರು.

ವಟವಟ ನಿರ್ದೇಶಕನ ಮೊಣಕೈ ಹಿಂಡಿದಳು. "ಎರಡೂ ಎಡ," ಎಂದು ಪಿಸುಗುಟ್ಟಿದಳು. ಅವನಿಗೆ ಅರ್ಥವಾಗಲಿಲ್ಲ.

ದೀಪ ಹೊತ್ತಿದ ಮೇಲೆ ಅಧಿಕಾರಿ ಪೆನ್ನನ್ನು ನೋಡಿ, ಚಹಾವನ್ನು ನೋಡಿ, ಏನೂ ಆಗಿಲ್ಲವೆಂಬಂತೆ ಎರಡನ್ನೂ ಪಕ್ಕಕ್ಕಿಟ್ಟರು. "ಇಪ್ಪತ್ತಾರು ಕಂತು ಬರೀರಿ. ಆಮೇಲೆ ನೋಡೋಣ."

"ಬಾಳಿಕೆ ಬರುತ್ತಾ ಮೇಡಂ?"

"ಅದನ್ನ ಯಾರು ಹೇಳೋಕಾಗುತ್ತೆ." ಅವರು ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಅಲ್ಲ, ಆ ಹೆಂಡತಿ ಮತ್ತೆ ಬರ್ತಾಳಾ?"

"ನಾಲ್ಕನೇ ಕಂತಲ್ಲೇ ಬರ್ತಾಳೆ ಮೇಡಂ."

"ಸದ್ಯ," ಎಂದು ಅಧಿಕಾರಿ ಹೊರಟುಹೋದರು.

'ಒಂದಿಂಚು ಜಾಸ್ತಿ' ಸಂಜೆ ಆರೂವರೆಗೆ ಪ್ರಸಾರವಾಗತೊಡಗಿತು. ಒಂದು ಪತ್ರಿಕೆ ಚೆನ್ನಾಗಿದೆ ಎಂದಿತು, ಇನ್ನೊಂದು ಪರವಾಗಿಲ್ಲ ಎಂದಿತು. ಬಸ್ಸಿನಲ್ಲಿ ಗಂಡ ಪ್ರತಿ ಕೆಂಪು ದೀಪದಲ್ಲೂ ಹಿಂದೆ ತಿರುಗಿ ಪ್ರಯಾಣಿಕರಿಗೆಲ್ಲ, "ನೋಡಿದ್ರಾ? ನಮ್ಮನೆಯವಳೇ ಬರ್ದಿರೋದು," ಎನ್ನುತ್ತಿದ್ದ. ಎರಡು ವಾರವಾಗಿತ್ತು. ಶೆಡ್ಡಿಗೆ ಹೋಗಿ ಮಾಸ್ಟರ್ ಮುಂದೆ ನಿಂತು ಎರಡು ಮಾತು ಹೇಳಬೇಕೆಂದು ಅವಳು ದಿನವೂ ಅಂದುಕೊಳ್ಳುತ್ತಿದ್ದಳು. ಏನೆಂದು ಹೇಳುವುದು? ಉಪಕಾರವಾಯಿತು ಎಂದರೆ ಅವರು ಭುಜದ ಹೊಲಿಗೆ ನೋಡುತ್ತಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ಅವರದೇ ಫೋನು ಬಂತು. "ಹನ್ನೊಂದು ಗಂಟೆಗೆ ಬಾ. ಕೆಲಸ ಇದೆ." ಅಷ್ಟು ಹೇಳಿ ಇಟ್ಟುಬಿಟ್ಟರು.

ಅವಳು ಏದುಸಿರು ಬಿಡುತ್ತಾ ಹೋದಳು. ಶೆಡ್ಡಿನಲ್ಲಿ ಎಲ್ಲರೂ ಮಿತಿಮೀರಿದ ಶ್ರದ್ಧೆಯಿಂದ ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ದಾರದ ಉಂಡೆಗಳನ್ನಿಡುವ ರ್‍ಯಾಕಿನ ನೆತ್ತಿಯ ಮೇಲೆ ಗುಂಡಿ ಅಕ್ಕನ ಮನೆಯ ಹಳೆಯ ಟಿವಿ ಕೂತಿತ್ತು. ಕಿಟಕಿ ಪಕ್ಕದ ಮಿಷನ್ನಿನ ಹಲಗೆಯ ಮೇಲೆ ಬಿಳಿ ಅಂಗಿಗಳ ಒಂದು ರಾಶಿ, ಅದರ ಮೇಲೆ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ.

"ಇದೇನು ಮಾಸ್ಟರ್?"

"ನಿನ್ನೆ ಸಂಜೆ ಆರೂವರೆಯಿಂದ ಏಳರವರೆಗೆ ಹೊಲಿದದ್ದು." ಅವರು ಬಟ್ಟೆಯ ಮೇಲೆ ಗೆರೆ ಎಳೆಯುತ್ತಲೇ ಹೇಳಿದರು. "ಒಂಬತ್ತಿವೆ. ಕಾಯಿದೆ ಗೊತ್ತಲ್ಲ."

ವಟವಟ ಒಂದು ಅಂಗಿ ಎತ್ತಿ ಹಿಡಿದಳು. ಎರಡೂ ಎಡ. ಇನ್ನೊಂದು ಎತ್ತಿದಳು. ಎರಡೂ ಎಡ. ಗುಂಡಿ ಅಕ್ಕ ಇನ್ನು ತಡೆಯಲಾಗದೆ ಕಿಸಕ್ಕೆಂದಳು, ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡಿತು. ವಟವಟಳ ಕಣ್ಣು ತುಂಬಿ ಬಂತು. ಮಾಸ್ಟರಿಗೆ ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತನ್ನು ಚೀಲದ ಜೊತೆ ಪಕ್ಕಕ್ಕಿಟ್ಟಳು. ಕುರ್ಚಿ ಎಳೆದುಕೊಂಡು ಕೂತಳು, ಕನ್ನಡಕ ಹಾಕಿಕೊಂಡಳು, ಬಿಚ್ಚಲು ಶುರುಮಾಡಿದಳು. ಒಂದೊಂದು ಹೊಲಿಗೆ ಬಿಚ್ಚುವಾಗಲೂ ಅವಳಿಗೆ ಈ ಶೆಡ್ಡು, ಈ ಹೆಂಗಸರು, ಈ ತಗಡಿನ ಸೂರು ಎಲ್ಲದರ ಹೇಳಲಾರದಷ್ಟು ಋಣ ತನ್ನ ಮೇಲಿದೆ ಎನಿಸಿತು. ಅದು ಭಾರದ ಋಣವಲ್ಲ. ತಲೆ ಮೇಲೆ ಹೊತ್ತುಕೊಂಡು ಓಡಾಡಬೇಕು ಎನಿಸುವಂಥದು.

ಎಂಟು ಸುಲಭವಾಗಿ ಬಿಚ್ಚಿಕೊಂಡವು. ಒಂಬತ್ತನೆಯದರಲ್ಲಿ ಕತ್ತರಿಯ ಮೊನೆ ಒಳಗೆ ಹೋಗಲಿಲ್ಲ. ಹೊಲಿಗೆ ಅಷ್ಟು ಒತ್ತಾಗಿತ್ತು. ಅವಳು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಳಿದವರದು ಇಂಚಿಗೆ ಹತ್ತು ಹೊಲಿಗೆ. ಇದು ಹದಿನಾಲ್ಕು, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಇಡೀ ಶೆಡ್ಡಿನಲ್ಲಿ ಹಾಗೆ ಹೊಲಿಯುವ ಕೈ ಒಂದೇ. ಆ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಅವಳು ಗುಂಡಿ ಅಕ್ಕನ ಕಡೆ ನೋಡಿದಳು. "ನಿನ್ನೆ ಆ ಹೊಸ ಹುಡುಗಿ ರಜಾ ಹಾಕಿದ್ಲು ಕಣೇ," ಎಂದಳು ಗುಂಡಿ ಅಕ್ಕ, ದಾರ ಪೋಣಿಸುತ್ತಾ, ಯಾರಿಗೋ ಹೇಳಿದಂತೆ. "ಅವಳ ಮಿಷನ್ನಲ್ಲಿ ಮಾಸ್ಟರೇ ಕೂತಿದ್ರು."

ಮಾಸ್ಟರ್ ಬೆನ್ನು ತಿರುಗಿಸಿ ರ್‍ಯಾಕಿನಲ್ಲಿ ಏನನ್ನೋ ಹುಡುಕುತ್ತಿದ್ದರು.

"ಮಾಸ್ಟರ್," ಎಂದಳು ವಟವಟ. "ಇದನ್ನೂ ಬಿಚ್ಚಲಾ?"

ಅವರು ಸ್ವಲ್ಪ ಹೊತ್ತು ಹುಡುಕುತ್ತಲೇ ಇದ್ದರು. ಆಮೇಲೆ ಬಂದು, ಅವಳ ಮುಖ ನೋಡದೆ, ಆ ಅಂಗಿಯನ್ನು ಕೈಯಿಂದ ತೆಗೆದುಕೊಂಡರು. "ಅದು ಇರಲಿ," ಎಂದರು. ಕಟಿಂಗ್ ಮೇಜಿನ ಹಿಂದಿನ ಗೋಡೆಯಲ್ಲಿ ಟೇಪು ನೇತುಹಾಕುವ ಮೊಳೆಯೊಂದಿತ್ತು. ಅಂಗಿಯನ್ನು ಅದಕ್ಕೆ ಸಿಕ್ಕಿಸಿ, ಕಾಲರು ಸರಿಮಾಡಿ, ಸೀಮೆಸುಣ್ಣ ತೆಗೆದುಕೊಂಡು ಬಟ್ಟೆಯ ಮೇಲೆ ಬಗ್ಗಿದರು. ಮಿಷನ್ನುಗಳು ಒಂದೊಂದಾಗಿ ಮತ್ತೆ ಓಡತೊಡಗಿದವು. ಫ್ಯಾನಿನ ಗಾಳಿಗೆ ಅಂಗಿಯ ಎರಡು ತೋಳುಗಳೂ ಒಂದೇ ಕಡೆಗೆ ಮೆಲ್ಲಗೆ ಏಳುತ್ತಿದ್ದವು, ಇಳಿಯುತ್ತಿದ್ದವು.